ಆರೋಪಿಯ ಮೈಮೇಲೆ ಪ್ರಭುತ್ವದ ಕೈ

ಪದವಿ ತರಗತಿಯಲ್ಲಿ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನ ಹೆಸರು ಬಂದೊಡನೆ ನಾವು ರಾಜ್ಯಶಾಸ್ತ್ರದ ಅಧ್ಯಾಪಕರೆಲ್ಲ ಅಧಿಕಾರ ಪ್ರತ್ಯೇಕತೆಯ ಸಿದ್ಧಾಂತಕ್ಕೆ ಹೋಗಿಬಿಡುತ್ತೇವೆ. 1748ರಲ್ಲಿ ಜಿನೀವಾದಲ್ಲಿ ಅಚ್ಚಾದ ‘ದಿ ಸ್ಪಿರಿಟ್ ಆಫ್ ಲಾಸ್’ ಗ್ರಂಥದ 11ನೆಯ ಭಾಗದಲ್ಲಿ, ಶಾಸನ ಮಾಡುವ, ಆಡಳಿತ ನಡೆಸುವ ಮತ್ತು ನ್ಯಾಯ ತೀರ್ಮಾನಿಸುವ ಅಧಿಕಾರಗಳು ಒಂದೇ ಕೈಗೆ ಸೇರಿದರೆ ಸ್ವಾತಂತ್ರ್ಯ ಉಳಿಯದು ಎಂದು ಆತ ವಾದಿಸಿದ. ಪರೀಕ್ಷೆಯ ದೃಷ್ಟಿಯಿಂದ ಅಷ್ಟು ಸಾಕು. ಅದರ ಬೆನ್ನಿಗೇ ಬರುವ 12ನೆಯ ಭಾಗವನ್ನು ಓದಿಸುವವರು ಕಡಿಮೆ. ಅಲ್ಲಿ ಆತ ರಾಜ್ಯದ ಏರ್ಪಾಡನ್ನು ಬದಿಗಿರಿಸಿ ಒಬ್ಬೊಬ್ಬ ಪ್ರಜೆಯ ಸ್ವಾತಂತ್ರ್ಯವನ್ನು ಕೈಗೆತ್ತಿಕೊಳ್ಳುತ್ತಾನೆ. ಸಂವಿಧಾನ ಎಷ್ಟೇ ಚೆನ್ನಾಗಿದ್ದರೂ ಅದರಡಿ ಬದುಕುವ ಪ್ರಜೆ ಸ್ವತಂತ್ರನಾಗಿರದೆ ಇರಬಹುದು. ಪ್ರಜೆಯ ಸ್ವಾತಂತ್ರ್ಯ ಮುಖ್ಯವಾಗಿ ಅಪರಾಧ ಕಾನೂನುಗಳ ಗುಣವನ್ನು ಅವಲಂಬಿಸಿದೆ. ನಿರಪರಾಧಿಗೆ ರಕ್ಷಣೆಯ ಭರವಸೆ ಇಲ್ಲದಲ್ಲಿ ಸ್ವಾತಂತ್ರ್ಯಕ್ಕೂ ಭರವಸೆ ಇಲ್ಲ ಎನ್ನುತ್ತಾನೆ.

ಹದಿನೆಂಟನೆಯ ಶತಮಾನದ ಯುರೋಪಿನ ಜ್ಞಾನೋದಯ ಯುಗದ ಚಿಂತಕರು ಸರ್ಕಾರಗಳ ಮೇಲೆ ಬೀರಿದ ಪ್ರಭಾವವನ್ನು ಹುಡುಕುವವರು ಈ ಮಾತಿನಿಂದಲೇ ಹೊರಡಬೇಕು ಎಂದು ನನಗೆ ವರ್ಷಗಳಿಂದ ಅನ್ನಿಸುತ್ತ ಬಂದಿದೆ. ಲಾಕ್‌ನ ಸಹಜ ಹಕ್ಕುಗಳು, ರೂಸೋನ ಸಾಮಾಜಿಕ ಒಪ್ಪಂದ ಮುಂತಾದ ದೊಡ್ಡ ಕಲ್ಪನೆಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಹಕ್ಕು ಎಂಬುದು ಪುಸ್ತಕದಿಂದ ಇಳಿದು ಸರ್ಕಾರದ ಕೈಯನ್ನು ನಿಜವಾಗಿಯೂ ತಡೆದು ನಿಲ್ಲಿಸಿದ್ದು ಮೊದಲು ಕಂಡದ್ದು ಬಂದೀಖಾನೆಯಲ್ಲಿ, ವಿಚಾರಣೆಯ ಕೋಣೆಯಲ್ಲಿ, ಆರೋಪಿಯ ದೇಹದ ವಿಷಯದಲ್ಲಿ. ಅದು ಹೇಗಾಯಿತೆಂದು ತಿಳಿಯಲು ದಕ್ಷಿಣ ಫ್ರಾನ್ಸಿನ ತುಲೂಜ್ ನಗರದ ಒಂದು ಬಟ್ಟೆ ಅಂಗಡಿಗೆ ಹೋಗಬೇಕು.

ಆ ಅಂಗಡಿಯ ಯಜಮಾನ ಜ್ಯಾಂ ಕಲಾಸ್‌ಗೆ 63 ವರ್ಷ. ಆತ ಪ್ರೊಟೆಸ್ಟೆಂಟ್. 1685ರಲ್ಲಿ ಹದಿನಾಲ್ಕನೆಯ ಲೂಯಿ ಪ್ರೊಟೆಸ್ಟೆಂಟರ ರಕ್ಷಣೆಗಿದ್ದ ಶಾಸನವನ್ನು ರದ್ದುಪಡಿಸಿದ ಮೇಲೆ ಫ್ರಾನ್ಸಿನ ಕಾನೂನಿನ ಕಣ್ಣಿಗೆ ಅಂಥ ಜನ ಇರಲೇ ಇಲ್ಲ. ಅವರ ಮದುವೆಗಳಿಗೆ ಕಾನೂನಿನ ಮನ್ನಣೆ ಇರಲಿಲ್ಲ. ಹಲವು ವೃತ್ತಿಗಳ ಬಾಗಿಲು ಅವರಿಗೆ ಮುಚ್ಚಿತ್ತು. ಕಲಾಸ್‌ನ ಹಿರಿಯ ಮಗ ಮಾರ್ಕ್ ಆಂಟ್ವಾನ್ ಕಾನೂನು ಓದಿದ್ದ. ವಕೀಲನಾಗಬೇಕಾದರೆ ತಾನು ಕ್ಯಾಥೊಲಿಕ್ ಎಂದು ಪಾದ್ರಿಯಿಂದ ಪ್ರಮಾಣಪತ್ರ ತರಬೇಕಿತ್ತು. ಅದು ಸಿಗದೆ 28 ವರ್ಷದ ಆ ಹುಡುಗ ಅಪ್ಪನ ಅಂಗಡಿಯಲ್ಲೇ ಕೊಳೆಯುತ್ತಿದ್ದ. 1761ರ ಅಕ್ಟೋಬರ್ 13ರ ರಾತ್ರಿ, ಮನೆಗೆ ಬಂದಿದ್ದ ಅತಿಥಿಯೊಬ್ಬನೊಂದಿಗೆ ಎಲ್ಲರೂ ಮಹಡಿಯಲ್ಲಿ ಕೂತು ಊಟ ಮಾಡಿದರು. ಊಟದ ನಡುವೆಯೇ ಎದ್ದು ಹೋದ ಮಾರ್ಕ್ ಆಂಟ್ವಾನ್, ಅತಿಥಿಯನ್ನು ಬೀಳ್ಕೊಡಲು ಉಳಿದವರು ಕೆಳಗಿಳಿದಾಗ ಅಂಗಡಿಯಲ್ಲಿ ಹೆಣವಾಗಿದ್ದ.

ಮನೆಯವರು ಮೊದಲು ಯಾರೋ ಕೊಂದುಹೋಗಿದ್ದಾರೆ ಎಂದರು. ಆಮೇಲೆ, ಅಂಗಡಿಗೂ ದಾಸ್ತಾನಿನ ಕೋಣೆಗೂ ನಡುವಿನ ಬಾಗಿಲಿನ ಮೇಲೆ ಅಡ್ಡಲಾಗಿಟ್ಟ ಕೋಲಿಗೆ ಆತ ನೇಣು ಹಾಕಿಕೊಂಡಿದ್ದನೆಂದು ಹೇಳಿದರು. ಹೇಳಿಕೆ ಬದಲಾದದ್ದೇ ಅವರಿಗೆ ಮುಳುವಾಯಿತು. ಆದರೆ ಮೊದಲು ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು: ಅಂದಿನ ಕಾನೂನಿನಲ್ಲಿ ಆತ್ಮಹತ್ಯೆ ಅಪರಾಧ. ಸತ್ತವನ ಹೆಣದ ಮೇಲೆಯೇ ವಿಚಾರಣೆ ನಡೆಸಿ, ಬೋರಲಾಗಿ ಮಲಗಿಸಿ ಬೀದಿಬೀದಿಗಳಲ್ಲಿ ಎಳೆದೊಯ್ಯುತ್ತಿದ್ದರು. ಮಗನ ಹೆಣಕ್ಕೆ ಆ ಗತಿ ಬರಬಾರದೆಂದು ತಂದೆ ಮಾಡಿದ ಪ್ರಯತ್ನ ಅದು. ಅಷ್ಟರಲ್ಲಿ ಅಂಗಡಿಯ ಮುಂದೆ ನೆರೆದಿದ್ದ ಗುಂಪಿನಿಂದ ಒಂದು ದನಿ ಎದ್ದಿತು: ಹುಡುಗ ಕ್ಯಾಥೊಲಿಕ್ ಆಗಲು ಹೊರಟಿದ್ದ, ಅದಕ್ಕೇ ಮನೆಯವರು ಕೊಂದರು. ಸ್ಥಳಕ್ಕೆ ಬಂದ ನಗರಾಧಿಕಾರಿ ದಾವಿದ್ ದ ಬೋದ್ರಿಗ್ ಆ ದನಿಯನ್ನೇ ಸತ್ಯವೆಂದು ಹಿಡಿದು ಮನೆಮಂದಿಯನ್ನೆಲ್ಲ, ಅತಿಥಿಯನ್ನೂ ಸೇರಿಸಿ, ಸೆರೆಗೆ ಹಾಕಿದ. ಮತಾಂತರದ ವದಂತಿಗೆ ಆಧಾರವಿರಲಿಲ್ಲ. ಕಲಾಸ್‌ನ ಇನ್ನೊಬ್ಬ ಮಗ ಲೂಯಿ ಆಗಲೇ ಕ್ಯಾಥೊಲಿಕ್ ಆಗಿದ್ದ, ಅಪ್ಪ ಅವನ ಜೀವನಕ್ಕೆ ಹಣವನ್ನೂ ಕೊಡುತ್ತಿದ್ದ. ಆ ಮತಾಂತರದಲ್ಲಿ ಪಾತ್ರವಹಿಸಿದ್ದ ಕ್ಯಾಥೊಲಿಕ್ ಕೆಲಸದಾಕೆ ಆಮೇಲೂ ಅದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು.

ಇಲ್ಲಿಂದ ಮುಂದೆ ನಡೆದದ್ದು ಯಾವುದೋ ಅಧಿಕಾರಿಯ ಅತಿರೇಕವೆಂದು ತಳ್ಳಿಹಾಕುವಂಥದ್ದಲ್ಲ. ಬಹುಪಾಲು ಎಲ್ಲವೂ 1670ರ ರಾಜಶಾಸನದ ಪ್ರಕಾರವೇ ನಡೆಯಿತು. ಆ ಶಾಸನದಲ್ಲಿ ವಿಚಾರಣೆ ಗುಟ್ಟಿನದು. ಗಂಭೀರ ಅಪರಾಧಗಳಲ್ಲಿ ಆರೋಪಿಗೆ ವಕೀಲನಿಲ್ಲ. ತನ್ನ ಮೇಲೆ ಏನು ಸಾಕ್ಷ್ಯವಿದೆಯೆಂಬುದು ಕೊನೆಯ ಹಂತದಲ್ಲಿ ಸಾಕ್ಷಿಯನ್ನು ಎದುರಿಗೆ ತಂದು ನಿಲ್ಲಿಸುವವರೆಗೆ ಅವನಿಗೆ ತಿಳಿಯುವುದಿಲ್ಲ. ಅಂತಿಮ ವಿಚಾರಣೆಯಲ್ಲಿ ನ್ಯಾಯಾಧೀಶರ ಮುಂದೆ ಒಂದು ಗಿಡ್ಡ ಮಣೆಯ ಮೇಲೆ ಅವನನ್ನು ಕೂರಿಸುತ್ತಾರೆ. ತೀರ್ಪಿಗೆ ಕಾರಣ ಬರೆಯಬೇಕಾದ ಕಟ್ಟುಪಾಡು ನ್ಯಾಯಾಲಯಕ್ಕಿಲ್ಲ. ಸಾಕ್ಷ್ಯ ಸಾಲದೆ ಬಂದಾಗ ತುಲೂಜ್‌ನಲ್ಲಿ ಚರ್ಚುಗಳ ವೇದಿಕೆಯಿಂದ ಭಾನುವಾರಗಳಂದು ಒಂದು ಪ್ರಕಟಣೆ ಓದಿಸಿದರು. ಕೊಲೆಯ ಬಗ್ಗೆ ತಿಳಿದವರು, ಕೇಳಿದವರು ಮುಂದೆ ಬರಬೇಕು, ಬಾರದಿದ್ದರೆ ಧರ್ಮಬಾಹಿರರಾಗುತ್ತಾರೆ ಎಂಬುದು ಅದರ ತಾತ್ಪರ್ಯ. ಕಲಾಸ್ ಕುಟುಂಬದ ಪರವಾಗಿ ಹೇಳಬಲ್ಲವರನ್ನು ಅದು ಕರೆಯಲೇ ಇಲ್ಲ.

ಆ ನ್ಯಾಯಪದ್ಧತಿಯ ಸಾಕ್ಷ್ಯಗಣಿತವನ್ನು ಫ್ರೆಂಚ್ ಲೇಖಕ ವಾಲ್ಟೇರ್ ಮುಂದೆ ಬಿಡಿಸಿ ತೋರಿಸಿದ. ತುಲೂಜ್‌ನ ನ್ಯಾಯಾಲಯ ಕಾಲುಭಾಗದ ಸಾಕ್ಷ್ಯ, ಎಂಟನೆಯ ಒಂದು ಭಾಗದ ಸಾಕ್ಷ್ಯ ಎಂದು ಲೆಕ್ಕ ಹಿಡಿಯುತ್ತಿತ್ತು. ಕಿವಿಯಿಂದ ಕಿವಿಗೆ ಬಂದ ಮಾತು ಕಾಲುಭಾಗ. ಅದಕ್ಕಿಂತ ಮಸುಕಾದ ವದಂತಿ ಎಂಟನೆಯ ಒಂದು ಭಾಗ. ಹಾಗಾದರೆ ಆಧಾರವಿಲ್ಲದ ಒಂದೇ ವದಂತಿಯ ಎಂಟು ಪ್ರತಿಧ್ವನಿಗಳು ಸೇರಿ ಪೂರ್ಣ ಸಾಕ್ಷ್ಯವಾಗಬಲ್ಲವು. ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಂಬುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸುಳ್ಳು ಎಂಟು ಗುಂಪುಗಳಿಂದ ಬಂದಾಗ ನಾವೇನು ಮಾಡುತ್ತೇವೆಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ.

1762ರ ಮಾರ್ಚ್ 9ರಂದು ತುಲೂಜ್‌ನ ಪಾರ್ಲಮಾಂ, ಅಂದರೆ ಆ ಪ್ರಾಂತದ ಅತ್ಯುನ್ನತ ನ್ಯಾಯಾಲಯ, 13 ನ್ಯಾಯಾಧೀಶರಲ್ಲಿ 8 ಮಂದಿಯ ಮತದಿಂದ ಕಲಾಸ್‌ಗೆ ಮರಣದಂಡನೆ ವಿಧಿಸಿತು. ಮರುದಿನ ಮೊದಲು ಚಿತ್ರಹಿಂಸೆ. ಕೈಕಾಲುಗಳನ್ನು ಹಿಗ್ಗಿಸಿ ಎಳೆದರು, ಬಾಯಿಗೆ ಬಟ್ಟೆ ತುರುಕಿ ಬಿಂದಿಗೆಗಟ್ಟಲೆ ನೀರು ಸುರಿದರು. ಉದ್ದೇಶ ಸಹಚರರ ಹೆಸರು ಹೇಳಿಸುವುದು. ಅಪರಾಧವೇ ಇಲ್ಲದ ಮೇಲೆ ಸಹಚರರೆಲ್ಲಿಂದ ಬರಬೇಕು ಎಂಬ ಅರ್ಥದ ಉತ್ತರವನ್ನಷ್ಟೇ ಆತ ಕೊಟ್ಟ. ಆಮೇಲೆ ಸೇಂಟ್ ಜಾರ್ಜ್ ಚೌಕದಲ್ಲಿ ಕಬ್ಬಿಣದ ಸಲಾಕೆಯಿಂದ ಅವನ ಮೂಳೆಗಳನ್ನು ಮುರಿದು ಚಕ್ರದ ಮೇಲೆ ಮಲಗಿಸಿದರು. ಎರಡು ಗಂಟೆಯ ನಂತರ ಕತ್ತು ಹಿಸುಕಿ ಕೊಂದು ಹೆಣವನ್ನು ಸುಟ್ಟರು. ಕೊನೆಯ ಉಸಿರಿನವರೆಗೂ ಆತ ತಾನು ನಿರಪರಾಧಿ ಎಂದೇ ಹೇಳಿದ.

ಅವನ ಆ ದೃಢತೆ ನ್ಯಾಯಾಲಯವನ್ನು ಇಕ್ಕಟ್ಟಿಗೆ ಸಿಲುಕಿಸಿತು. ಆ ರಾತ್ರಿ ಐವರೂ ಒಟ್ಟಿಗಿದ್ದುದರಿಂದ ಕೊಲೆಯಾಗಿದ್ದರೆ ಎಲ್ಲರೂ ಸೇರಿಯೇ ಮಾಡಿರಬೇಕು. ಕಾಲು ಸೋತ ಮುದುಕ ಗಟ್ಟಿಮುಟ್ಟಾದ ಮಗನನ್ನು ಒಬ್ಬನೇ ನೇಣಿಗೇರಿಸುವುದು ಸಾಧ್ಯವಿಲ್ಲ. ಆದರೆ ತಂದೆಯಿಂದ ತಪ್ಪೊಪ್ಪಿಗೆ ಬಾರದ ಕಾರಣ ಉಳಿದವರನ್ನು ಕೊಲ್ಲಲು ನ್ಯಾಯಾಧೀಶರಿಗೆ ಧೈರ್ಯ ಸಾಲಲಿಲ್ಲ. ಒಬ್ಬ ಮಗನನ್ನು ಗಡಿಪಾರು ಮಾಡಿದರು, ಹೆಣ್ಣುಮಕ್ಕಳನ್ನು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಹಾಕಿದರು, ತಾಯಿಯನ್ನೂ ಕೆಲಸದಾಕೆಯನ್ನೂ ಅತಿಥಿಯನ್ನೂ ಬಿಟ್ಟರು. ಹಾಗೆ ಬಿಟ್ಟಾಗಲೇ ತಮ್ಮ ಮೊದಲ ತೀರ್ಪು ತಪ್ಪೆಂದು ಅವರೇ ಒಪ್ಪಿದಂತಾಗಿತ್ತು.

ಸ್ವಿಸ್ ಗಡಿಯ ಬಳಿ ಫರ್ನೆ ಎಂಬಲ್ಲಿ ನೆಲೆಸಿದ್ದ 67 ವರ್ಷದ ವಾಲ್ಟೇರ್‌ಗೆ ಈ ಸುದ್ದಿ ಆ ತಿಂಗಳಲ್ಲೇ ತಲುಪಿತು. ಮೊದಲಿಗೆ ಆತ ಕಲಾಸ್ ಅಪರಾಧಿಯೇ ಇರಬಹುದೆಂದು ಭಾವಿಸಿದ್ದ. ಮತಾಂಧತೆ ಪ್ರೊಟೆಸ್ಟೆಂಟರಲ್ಲೂ ಇದೆಯೆಂಬುದು ಅವನಿಗೆ ಗೊತ್ತಿದ್ದ ಸಂಗತಿ. ಆಮೇಲೆ ವಿಚಾರಿಸತೊಡಗಿದ. ಜಿನೀವಾಕ್ಕೆ ತಪ್ಪಿಸಿಕೊಂಡು ಬಂದಿದ್ದ ಕಿರಿಯ ಮಗ ದೋನಾನನ್ನು ಕರೆಸಿ ಮಾತಾಡಿಸಿದ, ತುಲೂಜ್‌ನ ಪರಿಚಿತರಿಗೆ ಪತ್ರ ಬರೆದ, ಮನೆಯ ನಕ್ಷೆಯಿಂದ ಹಿಡಿದು ಊಟದ ಹೊತ್ತಿನವರೆಗೆ ಎಲ್ಲವನ್ನೂ ಕೇಳಿ ತಿಳಿದ. ಮನಸ್ಸಿಗೆ ಖಚಿತವಾದ ಮೇಲೆ ಮೂರು ವರ್ಷ ಅದರ ಹಿಂದೆ ಬಿದ್ದ. ಪ್ಯಾರಿಸ್‌ನ ವಕೀಲರಿಂದ ಮನವಿಗಳನ್ನು ಬರೆಸಿದ, ವಿಧವೆಯನ್ನು ರಾಜಧಾನಿಗೆ ಕಳಿಸಿದ, ಯುರೋಪಿನ ಅರಸುಮನೆತನಗಳಿಂದ ಹಣ ಎತ್ತಿದ, 1763ರಲ್ಲಿ ಸಹಿಷ್ಣುತೆಯ ಮೇಲೆ ಬರೆದ ಪ್ರಬಂಧವನ್ನು ಕಲಾಸ್‌ನ ಸಾವಿನಿಂದಲೇ ಆರಂಭಿಸಿದ. ಆತ ಪಟ್ಟುಹಿಡಿದು ಕೇಳಿದ್ದು ಒಂದೇ: ತುಲೂಜ್ ತನ್ನ ಕಡತವನ್ನು ಬಯಲಿಗೆ ತರಲಿ. ಗುಟ್ಟಾಗಿ ನಡೆದ ವಿಚಾರಣೆಯ ಕಡತ ಹೊರಬಂದರೆ ಉಳಿದದ್ದು ತಾನಾಗಿ ಆಗುತ್ತದೆಂಬ ನಂಬಿಕೆ ಅವನದು. 1763ರ ಮಾರ್ಚ್‌ನಲ್ಲಿ ರಾಜನ ಪರಿಷತ್ತು ಕಡತ ತರಿಸಿತು. 1764ರ ಜೂನ್‌ನಲ್ಲಿ ತೀರ್ಪನ್ನು ರದ್ದುಪಡಿಸಿತು. 1765ರ ಮಾರ್ಚ್ 9ರಂದು, ಮರಣದಂಡನೆಯ ತೀರ್ಪು ಬಂದು ಸರಿಯಾಗಿ ಮೂರು ವರ್ಷಕ್ಕೆ, 40 ನ್ಯಾಯಾಧೀಶರು ಒಮ್ಮತದಿಂದ ಕಲಾಸ್ ನಿರಪರಾಧಿ ಎಂದು ಸಾರಿದರು. ರಾಜ ಆ ಕುಟುಂಬಕ್ಕೆ 36,000 ಲಿವ್ರ್ (ಅಂದಿನ ಫ್ರೆಂಚ್ ಹಣ) ಕೊಟ್ಟ.

ವಾಲ್ಟೇರ್ ಪ್ರಜಾಪ್ರಭುತ್ವವಾದಿಯಲ್ಲ, ಅವನ ಬರಹಗಳಲ್ಲಿ ಯಹೂದಿಗಳ ಬಗ್ಗೆ ಇರುವ ಮಾತುಗಳನ್ನು ಇಂದು ಯಾರೂ ಸಮರ್ಥಿಸಲಾರರು. ಅದೆಲ್ಲ ಗೊತ್ತಿದ್ದೂ ನಾನು ಅವನನ್ನು ಗೌರವಿಸುವುದು ಈ ಮೂರು ವರ್ಷಗಳಿಗಾಗಿ. ಪ್ರಭುತ್ವ ಒಬ್ಬ ಸಾಮಾನ್ಯ ವರ್ತಕನನ್ನು ಕೊಂದರೆ ಅದಕ್ಕೆ ಲೆಕ್ಕ ಒಪ್ಪಿಸಬೇಕಾದದ್ದು ಜನರಿಗೆ ಎಂಬ ರೂಢಿ ಅಲ್ಲಿಂದ ಬೆಳೆಯಿತು. ಎಲ್ಲ ಸಲವೂ ಗೆಲುವಾಗಲಿಲ್ಲ. 1766ರ ಜುಲೈ 1ರಂದು ಅಬ್‌ವಿಲ್ ಪಟ್ಟಣದಲ್ಲಿ ಶೆವಾಲಿಯೆ ದ ಲಾ ಬಾರ್ ಎಂಬ ಎಳೆಯ ಹುಡುಗನನ್ನು, ಧಾರ್ಮಿಕ ಮೆರವಣಿಗೆಗೆ ಟೋಪಿ ತೆಗೆಯಲಿಲ್ಲ, ದೇವನಿಂದೆಯ ಹಾಡು ಹೇಳಿದ ಎಂಬಂಥ ಆರೋಪಗಳ ಮೇಲೆ ಚಿತ್ರಹಿಂಸೆಗೆ ಒಳಪಡಿಸಿ, ತಲೆ ಕಡಿದು ಸುಟ್ಟರು. ಅವನ ಕೋಣೆಯಲ್ಲಿ ಸಿಕ್ಕ ವಾಲ್ಟೇರ್‌ನ ಪುಸ್ತಕವನ್ನೂ ಅದೇ ಬೆಂಕಿಗೆ ಎಸೆದರು.

ಒಂದು ಪ್ರಕರಣದ ಅನ್ಯಾಯದಿಂದ ಇಡೀ ಪದ್ಧತಿಯ ಅನ್ಯಾಯದ ಕಡೆಗೆ ಯುರೋಪಿನ ಕಣ್ಣು ತಿರುಗಿಸಿದವನು ಇಟಲಿಯ ಮಿಲಾನ್‌ನ ಚೆಸಾರೆ ಬೆಕ್ಕಾರಿಯಾ. ಕಾನೂನು ಓದಿದ್ದ, ಮಿತಭಾಷಿಯಾದ ಈ ತರುಣ ವೆರ್ರಿ ಸೋದರರ ಗೆಳೆಯರ ಗುಂಪಿನಲ್ಲಿದ್ದ. ಸೋದರರಲ್ಲಿ ಒಬ್ಬನಾದ ಅಲೆಸ್ಸಾಂದ್ರೊ ಮಿಲಾನ್‌ನಲ್ಲಿ ಕೈದಿಗಳ ಅಹವಾಲು ಕೇಳುವ ಅಧಿಕಾರಿಯಾಗಿದ್ದುದರಿಂದ ಬಂದೀಖಾನೆಯೊಳಗಿನ ಸಂಗತಿ ಈ ಗುಂಪಿಗೆ ನೇರವಾಗಿ ತಿಳಿಯುತ್ತಿತ್ತು. 1764ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಅಪರಾಧ ಮತ್ತು ಶಿಕ್ಷೆಯನ್ನು ಕುರಿತ ಪುಟ್ಟ ಪುಸ್ತಕವೊಂದನ್ನು ಬೆಕ್ಕಾರಿಯಾ ಲಿವೋರ್ನೊದಲ್ಲಿ ಹೆಸರಿಲ್ಲದೆ ಅಚ್ಚು ಹಾಕಿಸಿದ. ಎರಡು ವರ್ಷದೊಳಗೆ ಅದು ಫ್ರೆಂಚಿಗೆ ಬಂದಿತು, ವಾಲ್ಟೇರ್ ಅದಕ್ಕೆ ವ್ಯಾಖ್ಯಾನ ಬರೆದ, ರೋಮ್‌ನ ಕ್ಯಾಥೊಲಿಕ್ ಚರ್ಚು ಅದನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಚಿತ್ರಹಿಂಸೆಯ ಮೇಲಿನ ಅಧ್ಯಾಯ ನನ್ನ ದೃಷ್ಟಿಯಲ್ಲಿ ಆ ಪುಸ್ತಕದ ಹೃದಯ. ಆತ ಕರುಣೆಯನ್ನು ಬೇಡುವುದಿಲ್ಲ, ತರ್ಕವನ್ನು ಮುಂದಿಡುತ್ತಾನೆ. ನ್ಯಾಯಾಧೀಶನ ತೀರ್ಪು ಬರುವವರೆಗೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ. ಅಪರಾಧ ಖಚಿತವಾಗಿದೆ ಎನ್ನಿ. ಆಗ ಕಾನೂನು ಹೇಳಿದ ಶಿಕ್ಷೆ ಇದ್ದೇ ಇದೆ, ತಪ್ಪೊಪ್ಪಿಗೆ ಬೇಕಾಗಿಲ್ಲ, ಚಿತ್ರಹಿಂಸೆ ನಿರರ್ಥಕ. ಖಚಿತವಾಗಿಲ್ಲ ಎನ್ನಿ, ಆಗ ನೀವು ಹಿಂಸಿಸುತ್ತಿರುವುದು ಕಾನೂನಿನ ಪ್ರಕಾರ ನಿರಪರಾಧಿಯಾದವನನ್ನು. ಮೂರನೆಯ ದಾರಿಯಿಲ್ಲ. ನೋವು ಸತ್ಯದ ಒರೆಗಲ್ಲೂ ಅಲ್ಲ. ಗಟ್ಟಿಮೈಯ ದುಷ್ಟ ನೋವು ತಡೆದು ಪಾರಾಗುತ್ತಾನೆ, ದುರ್ಬಲನಾದ ನಿರಪರಾಧಿ ಮಾಡದ್ದನ್ನು ಒಪ್ಪಿಕೊಂಡು ಸಾಯುತ್ತಾನೆ. ಇದೇ ನಡೆಯುವುದಾದರೆ ನ್ಯಾಯಾಧೀಶನ ಕೆಲಸವನ್ನು ಗಣಿತಜ್ಞನಿಗೆ ಒಪ್ಪಿಸಬಹುದು ಎನ್ನುತ್ತಾನೆ ಬೆಕ್ಕಾರಿಯಾ: ಒಬ್ಬ ನಿರಪರಾಧಿಯ ಸ್ನಾಯುಗಳ ಬಲವನ್ನೂ ನರಗಳ ಸೂಕ್ಷ್ಮತೆಯನ್ನೂ ಕೊಟ್ಟರೆ, ಒಂದು ನಿರ್ದಿಷ್ಟ ಅಪರಾಧವನ್ನು ಅವನು ಒಪ್ಪಿಕೊಳ್ಳುವಂತೆ ಮಾಡಲು ಬೇಕಾದ ನೋವಿನ ಪ್ರಮಾಣವನ್ನು ಆತ ಲೆಕ್ಕ ಹಾಕಿ ಹೇಳಿಯಾನು.

ಈ ತರ್ಕದ ಕೆಳಗೆ ಸರ್ಕಾರದ ಬಗೆಗಿನ ಒಂದು ಪೂರ್ಣ ಸಿದ್ಧಾಂತವಿದೆ. ರೂಸೋನ ಸಾಮಾಜಿಕ ಒಪ್ಪಂದದ ಪುಸ್ತಕ ಪ್ರಕಟವಾದದ್ದು 1762ರ ವಸಂತದಲ್ಲಿ, ಕಲಾಸ್‌ನನ್ನು ಕೊಂದ ಕೆಲವೇ ವಾರಗಳ ನಂತರ. ಬೆಕ್ಕಾರಿಯಾ ಒಪ್ಪಂದದ ಕಲ್ಪನೆಯನ್ನು ತೆಗೆದುಕೊಂಡು ಅದಕ್ಕೊಂದು ಗಡಿ ಹಾಕಿದ. ಜನ ತಮ್ಮ ಸ್ವಾತಂತ್ರ್ಯದಲ್ಲಿ ಸಾಧ್ಯವಾದಷ್ಟು ಸಣ್ಣ ಪಾಲನ್ನು ಮಾತ್ರ ರಾಜ್ಯಕ್ಕೆ ಒಪ್ಪಿಸಿದ್ದಾರೆ. ಆ ಸಣ್ಣ ಪಾಲುಗಳ ಮೊತ್ತವೇ ಶಿಕ್ಷಿಸುವ ಹಕ್ಕು. ಅದರಾಚೆಗೆ ಹೋದ ಶಿಕ್ಷೆ ನ್ಯಾಯವಲ್ಲ, ಬರಿಯ ಬಲಪ್ರಯೋಗ. ತನ್ನನ್ನು ಕೊಲ್ಲುವ ಅಧಿಕಾರವನ್ನು ಯಾರೂ ಇನ್ನೊಬ್ಬರಿಗೆ ಒಪ್ಪಿಸಿರಲಾರರು, ಆದ್ದರಿಂದ ಮರಣದಂಡನೆಗೂ ಆ ಒಪ್ಪಂದದಲ್ಲಿ ಆಧಾರವಿಲ್ಲ. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಶಿಕ್ಷೆ ತಪ್ಪದೆಂಬ ಖಚಿತತೆ. ಕಾನೂನು ಜನರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಇಲ್ಲದಿದ್ದರೆ ಪ್ರಜೆ ತನ್ನ ಸ್ವಾತಂತ್ರ್ಯದ ವಿಷಯದಲ್ಲಿ ಆ ಭಾಷೆ ಬಲ್ಲ ಕೆಲವರ ಆಶ್ರಿತನಾಗುತ್ತಾನೆ. ನಮ್ಮ ನ್ಯಾಯಾಲಯಗಳಲ್ಲಿ ಕನ್ನಡಕ್ಕಾಗಿ ವಾದಿಸುವವರಿಗೆ ಈ ಮಾತು ಹೊಸತಲ್ಲ, ಆದರೆ ಎಷ್ಟು ಹಳೆಯದೆಂದು ತಿಳಿದರೆ ಸಂತೋಷವಾದೀತು.

ಈ ವಿಚಾರಗಳನ್ನು ಅರಸರು, ಬಂಡುಕೋರರು ಇಬ್ಬರೂ ಎತ್ತಿಕೊಂಡರು. ರಷ್ಯಾದ ಎರಡನೆಯ ಕ್ಯಾಥರೀನ್ 1767ರ ತನ್ನ ಕಾನೂನು ಸಂಹಿತೆಯ ಸೂಚನಾಪತ್ರದಲ್ಲಿ ಮಾಂಟೆಸ್ಕ್ಯೂ ಮತ್ತು ಬೆಕ್ಕಾರಿಯಾರಿಂದ ಧಾರಾಳವಾಗಿ ಎರವಲು ಪಡೆದಳು. ಆಳ್ವಿಕೆಯಲ್ಲಿ ಅದರ ಬಹುಭಾಗ ಕಾಗದದ ಮೇಲೆಯೇ ಉಳಿಯಿತು. ಇಟಲಿಯ ಟಸ್ಕನಿಯನ್ನು ಆಳುತ್ತಿದ್ದ ಲಿಯೋಪೋಲ್ಡ್ ಮಾತ್ರ ನುಡಿದಂತೆ ನಡೆದು 1786ರ ನವೆಂಬರ್ 30ರಂದು ಮರಣದಂಡನೆಯನ್ನೇ ತೆಗೆದುಹಾಕಿದ. 1770ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನಡೆದ ಗೋಲಿಬಾರಿನ ಆರೋಪಿಗಳಾದ ಬ್ರಿಟಿಷ್ ಸೈನಿಕರ ಪರ ವಾದಿಸಲು ನಿಂತ, ಮುಂದೆ ಬ್ರಿಟನ್ ವಿರುದ್ಧದ ಬಂಡಾಯದ ನಾಯಕರಲ್ಲಿ ಒಬ್ಬನಾದ ಜಾನ್ ಆಡಮ್ಸ್ ತನ್ನ ವಾದದಲ್ಲಿ ಬೆಕ್ಕಾರಿಯಾನ ಮಾತನ್ನೇ ಉದ್ಧರಿಸಿದ.

ಫ್ರಾನ್ಸಿನಲ್ಲಿ ಬದಲಾವಣೆ ನಿಧಾನವಾಗಿ ಬಂದಿತು. ತಪ್ಪೊಪ್ಪಿಗೆಗಾಗಿ ವಿಚಾರಣೆಯ ನಡುವೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು ಹದಿನಾರನೆಯ ಲೂಯಿ 1780ರಲ್ಲಿ ನಿಲ್ಲಿಸಿದ. 1787ರ ಶಾಸನದಿಂದ ಪ್ರೊಟೆಸ್ಟೆಂಟರ ಹುಟ್ಟು, ಮದುವೆ, ಸಾವುಗಳಿಗೆ ಕಾನೂನಿನ ಮನ್ನಣೆ ದೊರೆಯಿತು. ಫ್ರೆಂಚ್ ಕ್ರಾಂತಿ ಹೊರಡಿಸಿದ 1789ರ ಆಗಸ್ಟ್ 26ರ ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆಯಲ್ಲಿ 17 ವಿಧಿಗಳಿವೆ. ಮೊದಲ ವಿಧಿಯ ಸ್ವಾತಂತ್ರ್ಯ, ಸಮಾನತೆಯ ಮಾತು ಎಲ್ಲರ ಬಾಯಲ್ಲಿದೆ. ನಾನು ವಿದ್ಯಾರ್ಥಿಗಳಿಗೆ 7, 8, 9ನೆಯ ವಿಧಿಗಳನ್ನು ನಿಧಾನವಾಗಿ ಓದಿಸುತ್ತೇನೆ. ಕಾನೂನು ಹೇಳಿದ ಸಂದರ್ಭಗಳಲ್ಲಿ, ಕಾನೂನು ಹೇಳಿದ ಕ್ರಮದಲ್ಲಿ ಅಲ್ಲದೆ ಯಾರ ಮೇಲೂ ಆರೋಪ ಹೊರಿಸಿ ಬಂಧಿಸುವಂತಿಲ್ಲ. ತೀರ ಅಗತ್ಯವಾದ ಶಿಕ್ಷೆಗಳನ್ನು ಮಾತ್ರ ಕಾನೂನು ವಿಧಿಸಬೇಕು, ಅದೂ ಅಪರಾಧಕ್ಕೆ ಮೊದಲೇ ಜಾರಿಯಲ್ಲಿದ್ದ ಕಾನೂನಿನಡಿ. ಅಪರಾಧಿಯೆಂದು ಸಾರುವವರೆಗೆ ಪ್ರತಿಯೊಬ್ಬನೂ ನಿರಪರಾಧಿಯೆಂದೇ ಭಾವಿಸತಕ್ಕದ್ದು. ಬಂಧಿಸುವುದು ಅನಿವಾರ್ಯವಾದರೂ ಅದಕ್ಕೆ ಬೇಡದ ಯಾವ ಕಠೋರತೆಯನ್ನೂ ಕಾನೂನು ಕಟ್ಟುನಿಟ್ಟಾಗಿ ಹತ್ತಿಕ್ಕಬೇಕು. ಈ ಮೂರು ವಿಧಿಗಳ ಎದುರು ಕಲಾಸ್‌ನ ಪ್ರಕರಣವನ್ನು ಇಟ್ಟು ನೋಡಿದರೆ ಒಂದೊಂದು ಸಾಲು ಎಲ್ಲಿಂದ ಬಂದಿತೆಂದು ಬೇರೆ ವಿವರಿಸಬೇಕಾಗುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರೋಪಿಗೆ ವಕೀಲ ಬಂದ, ವಿಚಾರಣೆ ಬಹಿರಂಗವಾಯಿತು, ಆ ಗಿಡ್ಡ ಮಣೆ ಹೋಯಿತು, ಉಳಿದಿದ್ದ ಚಿತ್ರಹಿಂಸೆಯೂ ಹೋಯಿತು. 1791ರ ದಂಡಸಂಹಿತೆಯಲ್ಲಿ ದೇವನಿಂದೆ, ಪಾಷಂಡಮತ, ಮಾಟ ಯಾವುವೂ ಅಪರಾಧಗಳಾಗಿ ಉಳಿಯಲಿಲ್ಲ.

ಇದೇ ಕ್ರಾಂತಿ ತನ್ನ ಮಾತನ್ನು ಮುರಿದಾಗ ಮೊದಲು ಕೈಹಾಕಿದ್ದೂ ಇದೇ ಜಾಗಕ್ಕೆ. 1791ರ ಮೇ 30ರಂದು ಮರಣದಂಡನೆಯ ವಿರುದ್ಧ ಭಾಷಣ ಮಾಡಿದ್ದ ಕ್ರಾಂತಿಯ ನಾಯಕ ರೋಬೆಸ್ಪಿಯರ್, 1794ರ ಜೂನ್ 10ರಂದು ತನ್ನ ಸಂಗಾತಿ ಕೂತೋನ್ ಮಂಡಿಸಿದ ಕಾನೂನಿನ ಬೆಂಬಲಕ್ಕೆ ನಿಂತ. ಕ್ರಾಂತಿಯ ಶತ್ರುಗಳೆಂಬ ಆರೋಪ ಹೊತ್ತವರಿಗೆ ವಕೀಲರಿಲ್ಲ; ಕೈಗೆ ಸಿಗುವ ಸಾಕ್ಷ್ಯವೋ ‘ನೈತಿಕ’ ಸಾಕ್ಷ್ಯವೋ ಇದ್ದರೆ ಸಾಕ್ಷಿಗಳನ್ನು ಕೇಳಬೇಕಾಗಿಲ್ಲ; ತೀರ್ಪು ಎರಡೇ, ಬಿಡುಗಡೆ ಅಥವಾ ಸಾವು. ಮುಂದಿನ ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ 1,300ಕ್ಕೂ ಹೆಚ್ಚು ತಲೆಗಳು ಉರುಳಿದವು. ಪ್ರೊಟೆಸ್ಟೆಂಟರ ಮನ್ನಣೆಗಾಗಿ ದುಡಿದಿದ್ದ ಮಾಲ್ಜರ್ಬ್ ಆ ಏಪ್ರಿಲ್‌ನಲ್ಲೇ ಗಿಲೊಟಿನ್‌ಗೆ ಬಲಿಯಾಗಿದ್ದ. ಹೆಣ್ಣಿಗೆ ವಧಾಸ್ಥಾನದ ಮೆಟ್ಟಿಲೇರುವ ಹಕ್ಕಿರುವಾಗ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕೆಂದು 1791ರಲ್ಲಿ ಬರೆದ ಒಲಾಂಪ್ ದ ಗೂಜ್‌ಗೆ ಕ್ರಾಂತಿ 1793ರ ನವೆಂಬರ್ 3ರಂದು ಮೊದಲನೆಯದನ್ನು ಮಾತ್ರ ಕೊಟ್ಟಿತು. ಎಂಟನೆಯ ಒಂದು ಭಾಗದ ಸಾಕ್ಷ್ಯ ಹೋಗಿ ನೈತಿಕ ಸಾಕ್ಷ್ಯ ಬಂದದ್ದು ಜ್ಞಾನೋದಯದ ಸೋಲು ಎನ್ನುವವರಿದ್ದಾರೆ. ನನಗೆ ಅದು ಮಾಂಟೆಸ್ಕ್ಯೂನ 12ನೆಯ ಭಾಗಕ್ಕೆ ದೊರೆತ ಅತ್ಯಂತ ಕ್ರೂರ ಪುರಾವೆಯಾಗಿ ಕಾಣುತ್ತದೆ.

ಬೆಕ್ಕಾರಿಯಾನಿಂದ ನಮ್ಮ ನಾಡಿಗೆ ಬಂದ ದಾರಿ ಸುತ್ತುಬಳಸಿನದು. ತಾನು ಅವನಿಗೆ ಋಣಿಯೆಂದು ಇಂಗ್ಲೆಂಡಿನ ಚಿಂತಕ ಬೆಂಥಮ್ ಹೇಳಿಕೊಂಡ. ಬೆಂಥಮ್‌ನ ವಿಚಾರಗಳ ಪ್ರಭಾವದಲ್ಲಿ ಮೆಕಾಲೆ 1837ರಲ್ಲಿ ಭಾರತೀಯ ದಂಡಸಂಹಿತೆಯ ಕರಡು ಸಿದ್ಧಪಡಿಸಿದ. ಪರಕೀಯ ಆಳ್ವಿಕೆಯ ಕೈಯಲ್ಲಿ ಬಂದ ಕಾನೂನು ಅದು, ಆಳುವವರ ಅನುಕೂಲಕ್ಕೆ ಒದಗಿದ ಕಾನೂನು ಎಂಬುದನ್ನು ಮರೆಯಬಾರದು. ಅದೇ ಆಳ್ವಿಕೆಯಡಿ ಮದ್ರಾಸ್ ಪ್ರಾಂತದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ರೈತರನ್ನು ಹಿಂಸಿಸಲಾಗುತ್ತಿದೆಯೆಂಬ ದೂರು ಬ್ರಿಟಿಷ್ ಸಂಸತ್ತಿನವರೆಗೆ ಹೋಗಿ, ಒಂದು ಆಯೋಗ ರಚನೆಯಾಗಿ 1855ರಲ್ಲಿ ವರದಿ ಕೊಟ್ಟಿತು. ನಮ್ಮ ಬಳ್ಳಾರಿ ಮತ್ತು ಕರಾವಳಿಯ ಕೆನರಾ ಆಗ ಆ ಪ್ರಾಂತದ ಭಾಗಗಳು. ಮರದ ಇಕ್ಕಳದಲ್ಲಿ ಬೆರಳುಗಳನ್ನು ಇಟ್ಟು ಹಿಸುಕುವ ಕಿಟ್ಟಿ, ತಲೆ ಮೊಣಕಾಲಿನತ್ತ ಬಾಗುವಂತೆ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಮುಂತಾದ ಪದ್ಧತಿಗಳು ನಿಜವಾಗಿಯೂ ಬಳಕೆಯಲ್ಲಿವೆಯೆಂದು ಆಯೋಗ ದೃಢಪಡಿಸಿತು. 1860ರ ದಂಡಸಂಹಿತೆಯ 330ನೆಯ ಸೆಕ್ಷನ್ ತಪ್ಪೊಪ್ಪಿಗೆಗಾಗಿ ಹಿಂಸಿಸುವುದನ್ನು 7 ವರ್ಷದವರೆಗಿನ ಶಿಕ್ಷೆಗೆ ಅರ್ಹವಾದ ಅಪರಾಧವೆಂದು ಕರೆಯಿತು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಹಿಂಸಿಸುವವನಾಗಿ ಬರುವುದು ಮೊದಲು ಪೊಲೀಸ್ ಅಧಿಕಾರಿ, ಆಮೇಲೆ ಕಂದಾಯ ಅಧಿಕಾರಿ. ಕಾನೂನು ತನ್ನ ಅಧಿಕಾರಿಗಳನ್ನೇ ಹೀಗೆ ಬೆರಳುಮಾಡಿ ತೋರಿಸಿರುವುದು ಅಪರೂಪ. 1861ರಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸದಂತೆ ನಿಷೇಧ ಬಂದಿತು. 1872ರ ಸಾಕ್ಷ್ಯ ಅಧಿನಿಯಮದಲ್ಲೂ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಸೆಕ್ಷನ್‌ನಲ್ಲೂ ಅದು ಮುಂದುವರಿದಿದೆ.

ಸಂವಿಧಾನದ 20ನೆಯ ಅನುಚ್ಛೇದ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು ಹೇಳುತ್ತದೆ. 22ನೆಯ ಅನುಚ್ಛೇದದ ಕಥೆ ಇನ್ನೂ ಸ್ವಾರಸ್ಯದ್ದು. ವೈಯಕ್ತಿಕ ಸ್ವಾತಂತ್ರ್ಯದ ವಿಧಿಯನ್ನು ಸಂವಿಧಾನ ರಚನಾ ಸಭೆ ದುರ್ಬಲಗೊಳಿಸಿತೆಂಬ ಅಸಮಾಧಾನ ವ್ಯಾಪಕವಾಗಿದ್ದಾಗ, ಅದಕ್ಕೆ ಪರಿಹಾರವೆಂಬಂತೆ ಅಂಬೇಡ್ಕರ್ ಅವರು 1949ರ ಸೆಪ್ಟೆಂಬರ್ 15ರಂದು ಹೊಸ ವಿಧಿಯೊಂದನ್ನು ಮಂಡಿಸಿದರು: ಬಂಧಿತನಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದೇ ಅನುಚ್ಛೇದ ಮುನ್ನೆಚ್ಚರಿಕೆಯ ಬಂಧನಕ್ಕೂ ಅವಕಾಶ ಕೊಟ್ಟಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮ ರಾಜ್ಯದಿಂದಲೇ ಹೊರಟ ಒಂದು ಪ್ರಕರಣದಲ್ಲಿ ಬೆಕ್ಕಾರಿಯಾನ ಪ್ರಶ್ನೆ ಹೊಸ ವೇಷದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 2000ರ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಆರೋಪಿಯ ರಕ್ತನಾಳಕ್ಕೆ ಸೋಡಿಯಂ ಪೆಂಟೊಥಾಲ್ ಸೇರಿಸಿ, ಅರೆಪ್ರಜ್ಞೆಯಲ್ಲಿ ಅವನಿಂದ ಮಾತು ಹೊರಡಿಸುತ್ತಿದ್ದರು; ಛಾಪಾ ಕಾಗದ ಹಗರಣದ ಮುಖ್ಯ ಆರೋಪಿಯ ಪರೀಕ್ಷೆಯ ದೃಶ್ಯಗಳನ್ನು ಜನ ಟಿವಿಯಲ್ಲೇ ನೋಡಿದರು. ಹೊಡೆತವಿಲ್ಲ, ರಕ್ತವಿಲ್ಲ, ಆದ್ದರಿಂದ ಇದು ಹಿಂಸೆಯಲ್ಲ ಎಂಬುದು ಸಮರ್ಥಕರ ವಾದ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಮೂವರು ನ್ಯಾಯಮೂರ್ತಿಗಳ ಪೀಠ ಈ ವಾದವನ್ನು ಒಪ್ಪಲಿಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ನಡೆಸುವಂತಿಲ್ಲ. ಮಾತಾಡಬೇಕೋ ಬೇಡವೋ ಎಂದು ನಿರ್ಧರಿಸುವ ಮನಸ್ಸಿನ ಏಕಾಂತವೂ ಸಂವಿಧಾನದ ರಕ್ಷಣೆಯಲ್ಲಿದೆ ಎಂದಿತು. ಬೆಕ್ಕಾರಿಯಾನ ಗಣಿತಜ್ಞ ನೋವಿನ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದರೆ ಇಲ್ಲಿ ಔಷಧದ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತಿತ್ತು.

ತೀರ್ಪುಗಳು ಇಷ್ಟು ಸ್ಪಷ್ಟವಾಗಿದ್ದರೂ ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಣೆ ನಡೆಸಿದಾಗ ಆರೋಪಿ ಬಾಯಿಬಿಟ್ಟಿದ್ದಾನೆ’ ಎಂಬ ಸಾಲು ಸಲೀಸಾಗಿ ಅಚ್ಚಾಗುತ್ತದೆ, ನಾವು ಸಲೀಸಾಗಿ ಓದುತ್ತೇವೆ. ಆ ಶೈಲಿ ಯಾವುದೆಂದು ವರದಿಗಾರನಿಗೂ ಗೊತ್ತು, ಓದುಗನಿಗೂ ಗೊತ್ತು. 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ಪಂಚನಾಮೆ ಬರೆಯಬೇಕು, ಬಂಧಿತನ ಕಡೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು ಎಂದು ನಿಯಮಗಳನ್ನು ವಿಧಿಸಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಹಾಕಿದೆ, ಅನುಮೋದಿಸಿಲ್ಲ. ಸೆಲ್ವಿ ತೀರ್ಪು ಬಂದ ಮರುದಿನವೇ, 2010ರ ಮೇ 6ರಂದು, ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಒಡಂಬಡಿಕೆಯನ್ನು ಅನುಮೋದಿಸಬೇಕೆಂದು ಹೇಳಿ, ಹೊಸ ಕರಡು ಮಸೂದೆಯನ್ನೂ ಜೊತೆಗಿಟ್ಟಿತು. ಪೊಲೀಸರ ವಶದಲ್ಲಿದ್ದವನ ಮೈಮೇಲೆ ಗಾಯ ಕಂಡರೆ ಅದನ್ನು ಪೊಲೀಸರೇ ಮಾಡಿದ್ದಾರೆಂದು ಭಾವಿಸಿ, ಅಲ್ಲವೆಂದು ತೋರಿಸುವ ಹೊಣೆಯನ್ನು ಅವರ ಮೇಲೆಯೇ ಹೊರಿಸಬೇಕೆಂಬುದು ಆ ವರದಿಯ ಶಿಫಾರಸುಗಳಲ್ಲಿ ಒಂದು. ಆ ಕರಡು ಸದನದ ಮುಂದೆ ಬರಬೇಕು; ಅದನ್ನು ತರುವಂತೆ ನಮ್ಮ ಸಂಸದರನ್ನು ಕೇಳುವುದು ಯಾವ ಪಕ್ಷದವರಿಗೂ ಕಷ್ಟದ ಕೆಲಸವಾಗಬಾರದು.